ಮಾತ್ರೆಯ ತಲೆ ಹಾರುತ್ತಿದೆಯಾ? ಪ್ರೆಸ್ ಮುಟ್ಟುವ ಮೊದಲು ಇಷ್ಟು ನೋಡಿ

ಪುಡಿಯನ್ನು ಒತ್ತಿ ಮಾತ್ರೆ ಮಾಡುವ ಮೆಷಿನ್, ಅಂದರೆ ಪ್ರೆಸ್‌ನಿಂದ ಮಾತ್ರೆ ಹೊರಗೆ ಬೀಳುತ್ತಿದೆ. ನೋಡಲು ಚೆನ್ನಾಗಿಯೇ ಇದೆ. ಎರಡು ಬೆರಳ ನಡುವೆ ಹಿಡಿದು ಸ್ವಲ್ಪ ತಿರುಚಿದರೆ ಮೇಲಿನ ಉಬ್ಬು ಭಾಗ ಇಡಿಯಾಗಿ ಕಳಚಿಕೊಂಡು ಕೈಗೆ ಬರುತ್ತದೆ. ಇದು ಕ್ಯಾಪಿಂಗ್. ಬಿ.ಫಾರ್ಮ್ ಪ್ರಾಜೆಕ್ಟ್ ಮಾಡುವ ಹುಡುಗರಿಂದ ಹಿಡಿದು ನಂಜನಗೂಡು ಕಡೆಯ ಫ್ಯಾಕ್ಟರಿಗಳಲ್ಲಿ ಶಿಫ್ಟ್ ನೋಡುವವರವರೆಗೆ ಎಲ್ಲರಿಗೂ ಎಂದಾದರೂ ಎದುರಾಗುವ ತೊಂದರೆ.

ಮೂರನೇ ಸೆಮಿಸ್ಟರ್‌ನ ಫಾರ್ಮಾಸ್ಯೂಟಿಕಲ್ ಇಂಜಿನಿಯರಿಂಗ್‌ನಲ್ಲಿ ಪುಡಿ ಮಾಡುವುದು, ಜರಡಿ ಹಿಡಿಯುವುದು, ಬೆರೆಸುವುದು, ಒಣಗಿಸುವುದು ಎಲ್ಲ ಬೇರೆ ಬೇರೆ ಪಾಠ. ಪರೀಕ್ಷೆಗೆ ಬೇರೆ ಬೇರೆ ಪ್ರಶ್ನೆ. ಆದರೆ ಒಂದು ಮಾತ್ರೆಯ ತಲೆ ಹಾರಿದಾಗ ಈ ಪಾಠಗಳಲ್ಲಿ ಯಾವುದರಲ್ಲಿ ತಪ್ಪಿದೆ ಅಂತ ಮಾತ್ರೆ ತಾನಾಗಿ ಹೇಳುವುದಿಲ್ಲ. ತೊಂದರೆ ಕಾಣಿಸುವುದು ಪ್ರೆಸ್‌ನಲ್ಲಿ, ಹುಟ್ಟುವುದು ಬಹುಪಾಲು ಅದಕ್ಕಿಂತ ಹಿಂದಿನ ಹಂತದಲ್ಲಿ. ಇದನ್ನು ಮರೆತು ಪ್ರೆಸ್‌ನ ತಿರುಪುಗಳನ್ನೇ ತಿರುಗಿಸುತ್ತಾ ಕೂತರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಗುತ್ತದೆ.

ಮೊದಲು ಇದು ಕ್ಯಾಪಿಂಗೇ ಹೌದಾ?

ಒಡೆದ ಮಾತ್ರೆಗಳನ್ನು ಬಿಳಿ ಹಾಳೆಯ ಮೇಲೆ ಹರಡಿ ಬೆಳಕಿನಲ್ಲಿ ನೋಡಿ. ಮೇಲಿನ ಅಥವಾ ಕೆಳಗಿನ ಉಬ್ಬು ಮಾತ್ರ ಕಳಚಿದ್ದರೆ ಕ್ಯಾಪಿಂಗ್. ನಡುವೆ ಪದರ ಪದರವಾಗಿ ಬಿಟ್ಟುಕೊಂಡಿದ್ದರೆ ಲ್ಯಾಮಿನೇಷನ್. ಇವೆರಡಕ್ಕೂ ಕಾರಣ ಹೆಚ್ಚುಕಮ್ಮಿ ಒಂದೇ, ಒಟ್ಟಿಗೇ ಹುಡುಕಬಹುದು. ಅಂಚು ಮಾತ್ರ ಮುಕ್ಕಾಗಿದ್ದರೆ ಅದು ಚಿಪ್ಪಿಂಗ್. ಅದರ ದಾರಿಯೇ ಬೇರೆ.

ಜಾಸ್ತಿ ಎಡವಟ್ಟಾಗುವುದು ಸ್ಟಿಕ್ಕಿಂಗ್ ಜೊತೆ. ಪುಡಿಯನ್ನು ಮೇಲಿಂದ, ಕೆಳಗಿಂದ ಒತ್ತುವ ಲೋಹದ ಕಡ್ಡಿಯೇ ಪಂಚ್. ಅದರ ಮುಖಕ್ಕೆ ಪುಡಿ ಅಂಟಿ, ಮಾತ್ರೆಯ ಮೇಲ್ಮೈ ಕಿತ್ತು ಬಂದಿರುತ್ತದೆ. ಅವಸರದಲ್ಲಿ ನೋಡಿದವರು ಅದನ್ನೂ ಕ್ಯಾಪಿಂಗ್ ಅಂದುಬಿಡುತ್ತಾರೆ. ಸ್ಟಿಕ್ಕಿಂಗ್ ಸಾಮಾನ್ಯವಾಗಿ ತೇವ ಜಾಸ್ತಿಯಾದಾಗ ಬರುತ್ತದೆ. ಕ್ಯಾಪಿಂಗ್ ತೇವ ಕಡಿಮೆಯಾದಾಗ. ಒಂದನ್ನು ಇನ್ನೊಂದು ಅಂದುಕೊಂಡು ಗ್ರಾನ್ಯೂಲನ್ನು (ಪುಡಿಗೆ ಅಂಟು ಸೇರಿಸಿ, ಒಣಗಿಸಿ ಮಾಡಿದ ಕಾಳು) ಮತ್ತೆ ಡ್ರೈಯರ್‌ಗೆ ಹಾಕಿದರೆ ಇದ್ದ ತೊಂದರೆ ಎರಡರಷ್ಟಾಗುತ್ತದೆ. ಗುರುತು ಸುಲಭ. ಮೆಷಿನ್ ನಿಲ್ಲಿಸಿ, ಪವರ್ ತೆಗೆದು, ಮೇಲಿನ ಪಂಚ್‌ನ ಮುಖ ನೋಡಿ. ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಸ್ಟಿಕ್ಕಿಂಗ್ ಅಲ್ಲ. ಮಂಕಾಗಿ ಪುಡಿಯ ಪೊರೆ ಕೂತಿದ್ದರೆ ಇಲ್ಲಿಗೇ ನಿಲ್ಲಿಸಿ, ಸ್ಟಿಕ್ಕಿಂಗ್ ಕಡೆ ಹೊರಡಿ.

ತಲೆಯೇ ಯಾಕೆ ಹಾರುತ್ತದೆ

ಮಾತ್ರೆ ಆಕಾರ ಪಡೆಯುವ ಲೋಹದ ಅಚ್ಚೇ ಡೈ. ಅದರೊಳಗೆ ಬಿದ್ದ ಗ್ರಾನ್ಯೂಲ್‌ಗಳ ನಡುವೆ ಗಾಳಿ ಇರುತ್ತದೆ. ಮೇಲಿನ ಪಂಚ್ ಇಳಿದಂತೆ ಆ ಗಾಳಿ ಪಂಚ್ ಮತ್ತು ಡೈ ಗೋಡೆಯ ನಡುವಿನ ಸಣ್ಣ ಸಂದಿನಿಂದ ಹೊರಗೆ ಹೋಗಬೇಕು. ನಿಧಾನವಾಗಿ ಒತ್ತಿದರೆ ಹೋಗುತ್ತದೆ. ಅವಸರದಲ್ಲಿ ಒತ್ತಿದರೆ, ಅಥವಾ ಸಣ್ಣ ಪುಡಿ ದಾರಿ ಕಟ್ಟಿದರೆ, ಒಳಗೇ ಸಿಕ್ಕಿಕೊಂಡು ಅದೂ ಒತ್ತಡಕ್ಕೆ ಒಳಗಾಗುತ್ತದೆ. ಒತ್ತಡ ತೆಗೆದ ತಕ್ಷಣ ಹಿಗ್ಗುತ್ತದೆ.

ಆದರೆ ಗಾಳಿಯೊಂದರ ಮೇಲೇ ತಪ್ಪು ಹೊರಿಸಬೇಡಿ. ಪಾಠ ಓದಿದವರು ಅಲ್ಲಿಗೇ ನಿಂತುಬಿಡುತ್ತಾರೆ. ಒತ್ತಿದ ವಸ್ತುವಿಗೂ ವಾಪಸ್ ಹಿಗ್ಗುವ ಗುಣ ಇರುತ್ತದೆ. ಕೆಲವು ಪುಡಿ ಒತ್ತಿದರೆ ಮೆತ್ತಗೆ ಆಕಾರ ಬದಲಿಸಿ ಹಾಗೇ ಕೂತುಬಿಡುತ್ತವೆ. ಮೈಕ್ರೋಕ್ರಿಸ್ಟಲಿನ್ ಸೆಲ್ಯುಲೋಸ್ ಅಂಥದ್ದು. ಪ್ಯಾರಾಸಿಟಮಾಲ್ ಹಾಗಲ್ಲ. ಮಾರುಕಟ್ಟೆಯಲ್ಲಿ ಸಿಗುವ ಮಾಮೂಲಿ ಪ್ಯಾರಾಸಿಟಮಾಲ್ ಮೊನೊಕ್ಲಿನಿಕ್ ರೂಪದ ಹರಳು. ಅದರಲ್ಲಿ ಪದರಗಳು ಒಂದರ ಮೇಲೊಂದು ಸುಲಭವಾಗಿ ಜಾರುವುದಿಲ್ಲ. ಒತ್ತಿದರೆ ಚೂರಾಗುತ್ತದೆ, ಬಿಟ್ಟರೆ ಹಿಗ್ಗುತ್ತದೆ. ಅದಕ್ಕೇ 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಮಾತ್ರೆ ಕಾಲೇಜುಗಳ ಮೆಚ್ಚಿನ ಪ್ರಾಜೆಕ್ಟೂ ಹೌದು, ಕ್ಯಾಪಿಂಗ್‌ನ ತವರೂ ಹೌದು.

ಇನ್ನು ಎಜೆಕ್ಷನ್. ಕೆಳಗಿನ ಪಂಚ್ ಮಾತ್ರೆಯನ್ನು ಡೈಯಿಂದ ಮೇಲಕ್ಕೆ ತಳ್ಳುತ್ತದೆ. ಮೊದಲು ಹೊರಗೆ ಬರುವುದು ಮೇಲಿನ ಭಾಗ. ಅದು ಹೊರಗೆ ಬಂದು ಹಿಗ್ಗುವಾಗ ಉಳಿದ ಭಾಗ ಇನ್ನೂ ಡೈ ಗೋಡೆಯ ಬಿಗಿಯಲ್ಲೇ ಇರುತ್ತದೆ. ಮೇಲೆ ಹಿಗ್ಗಿ, ಕೆಳಗೆ ಬಿಗಿದು, ನಡುವೆ ಎಳೆತ. ಪಂಚ್ ಜಾಸ್ತಿ ಉಬ್ಬಿನದ್ದಾದರೆ ತಲೆ ಮತ್ತು ನಡುಭಾಗದ ಸಾಂದ್ರತೆಯೂ ಒಂದೇ ಇರುವುದಿಲ್ಲ, ಬಿರುಕು ಆ ಜಾಗದಲ್ಲೇ ಶುರುವಾಗುತ್ತದೆ. ಗ್ರಾನ್ಯೂಲ್‌ನ ಅಂಟು ಈ ಎಳೆತಕ್ಕಿಂತ ಬಲವಾಗಿದ್ದರೆ ಮಾತ್ರೆ ಉಳಿಯುತ್ತದೆ. ಅಂಟು ಸೋತರೆ ತಲೆ ಹಾರುತ್ತದೆ. ಮುಂದೆ ಹೇಳುವ ಎಲ್ಲ ಪರೀಕ್ಷೆಗಳೂ ಈ ಹಗ್ಗಜಗ್ಗಾಟದಲ್ಲಿ ಯಾವ ಕಡೆಯದ್ದು ತಪ್ಪು ಅಂತ ಕಂಡುಹಿಡಿಯಲಿಕ್ಕೆ.

ಏನನ್ನೂ ಬದಲಿಸದೆ ಕೇಳಬೇಕಾದ ಮೂರು ಪ್ರಶ್ನೆ

ಎಲ್ಲ ಸ್ಟೇಷನ್‌ನಲ್ಲೂ (ಒಂದು ಡೈ, ಅದರ ಎರಡು ಪಂಚ್ ಸೇರಿ ಒಂದು ಸ್ಟೇಷನ್) ಬರುತ್ತಿದೆಯಾ, ಒಂದೆರಡರಲ್ಲಿ ಮಾತ್ರವಾ? ಶುರುವಿನಿಂದಲೇ ಇದೆಯಾ, ನಡುವೆ ಬಂತಾ? ವೇಗ ಇಳಿಸಿದರೆ ಕಡಿಮೆಯಾಗುತ್ತದಾ?

ಈ ಮೂರಕ್ಕೆ ಉತ್ತರ ಸಿಗುವವರೆಗೆ ಪ್ರೆಷರ್, ತೂಕ, ಫೀಡರ್ ಯಾವುದನ್ನೂ ಮುಟ್ಟಬೇಡಿ. ಮುಟ್ಟಿದಿರೋ, ಆಮೇಲೆ ಯಾವುದರಿಂದ ಏನಾಯಿತು ಅಂತ ದೇವರಿಗೇ ಗೊತ್ತು.

ಮೊದಲ ಪ್ರಶ್ನೆಗೆ ಉತ್ತರ ತೆಗೆಯುವುದು ಹೀಗೆ. ಸಿಂಗಲ್ ರೋಟರಿ ಪ್ರೆಸ್‌ನಲ್ಲಿ 16 ಸ್ಟೇಷನ್ ಇದ್ದರೆ ಟರೆಟ್‌ನ, ಅಂದರೆ ಸ್ಟೇಷನ್‌ಗಳನ್ನು ಹೊತ್ತು ತಿರುಗುವ ಚಕ್ರದ, ಒಂದು ಸುತ್ತಿಗೆ 16 ಮಾತ್ರೆ. ಟರೆಟ್ ಮೇಲೆ ಸ್ಟೇಷನ್ ನಂಬರ್ ಕೊರೆದಿರುತ್ತದೆ. ಮೆಷಿನ್ ನಿಲ್ಲಿಸಿ, ಕೈಚಕ್ರದಿಂದ ನಿಧಾನವಾಗಿ ತಿರುಗಿಸಿ, ಒಂದನೇ ನಂಬರಿನ ಮಾತ್ರೆ ಎಲ್ಲಿ ಹೊರಗೆ ಬರುತ್ತದೆ ಅಂತ ನೋಡಿಕೊಂಡು, ಅಲ್ಲಿಂದ ಸಾಲಾಗಿ ಒಂದು ಸುತ್ತು ಎತ್ತಿಡಿ. ಇದಕ್ಕೆ ಮೊಟ್ಟೆಯ ಟ್ರೇ ತುಂಬಾ ಚೆನ್ನಾಗಿದೆ, ಒಂದೊಂದು ಗುಳಿಗೆ ಒಂದೊಂದು ನಂಬರ್ ಬರೆಯಬಹುದು. ಮೂರು ನಾಲ್ಕು ಸುತ್ತು ಹೀಗೆ ಮಾಡಿ ಒಂದೊಂದನ್ನೂ ಬೆರಳಿನಿಂದ ತಿರುಚಿ ನೋಡಿ. ಪ್ರತಿ ಸುತ್ತಲ್ಲೂ 7 ಮತ್ತು 12ನೇ ಗುಳಿಯ ಮಾತ್ರೆಯೇ ಕಳಚುತ್ತಿದ್ದರೆ ಗ್ರಾನ್ಯೂಲ್‌ನದ್ದೇನೂ ತಪ್ಪಿಲ್ಲ ಅಂತ ಗೊತ್ತಾಯಿತಲ್ಲ. ಒಂದೇ ಹಾಪರ್‌ನ (ಗ್ರಾನ್ಯೂಲ್ ಸುರಿಯುವ ಲಾಳಿಕೆ) ಗ್ರಾನ್ಯೂಲ್ ಉಳಿದ 14 ಡೈಗಳಲ್ಲಿ ಸರಿಯಾಗಿಯೇ ಕೂತಿದೆ.

ಕೈಯಲ್ಲಿ ತಿರುಗಿಸಿದಾಗ ಒಂದೂ ಕಳಚಲಿಲ್ಲವಾ? ಅದೂ ಒಂದು ಉತ್ತರವೇ. ವೇಗದ ಕಡೆ ಬೆರಳು ತೋರಿಸುತ್ತಿದೆ. ಆಗ ಮೆಷಿನನ್ನು ಅದರ ಅತಿ ಕಡಿಮೆ ವೇಗದಲ್ಲಿ ಓಡಿಸಿ ಸಾಲಾಗಿ ಹಿಡಿಯಿರಿ. ಗಾರ್ಡ್ ತೆಗೆದು ಕೈ ಹಾಕುವ ಧೈರ್ಯ ಮಾತ್ರ ಬೇಡ.

ಒಂದೆರಡು ಸ್ಟೇಷನ್ ಮಾತ್ರ ಆದರೆ

ಆ ಸ್ಟೇಷನ್‌ನ ಡೈ ಮತ್ತು ಪಂಚ್ ಬಿಚ್ಚಿ. ಡೈಯನ್ನು ಟಾರ್ಚ್‌ಗೆ ಎದುರಾಗಿ ಹಿಡಿದು ಒಳಗೋಡೆ ನೋಡಿ. ಮಾತ್ರೆ ಒತ್ತುವ ಜಾಗದಲ್ಲಿ ಸುತ್ತಲೂ ಒಂದು ಮಂಕು ಪಟ್ಟಿ ಕಾಣಿಸಿದರೆ ಅದು ಸವೆತ. ಬಾಚಣಿಗೆಯ ಹಲ್ಲನ್ನೋ ಗಟ್ಟಿ ಪ್ಲಾಸ್ಟಿಕ್ ಕಡ್ಡಿಯನ್ನೋ ಒಳಗಿಂದ ಮೇಲಕ್ಕೆ ಎಳೆದರೆ ಪಟ್ಟಿಯ ಅಂಚಿನಲ್ಲಿ ಸಣ್ಣಗೆ ತಡೆಯುತ್ತದೆ. ಲೋಹದ ಸೂಜಿ ಹಾಕಬೇಡಿ, ಗೀರು ಬೀಳುತ್ತದೆ. ಸವೆದ ಜಾಗ ಅಗಲ, ಅದರ ಮೇಲಿನದು ಇಕ್ಕಟ್ಟು. ಅಗಲದಲ್ಲಿ ತಯಾರಾದ ಮಾತ್ರೆ ಇಕ್ಕಟ್ಟಿನಲ್ಲಿ ನುಗ್ಗಿ ಹೊರಗೆ ಬರಬೇಕು. ತಲೆ ಹಾರದೆ ಇರುತ್ತದಾ?

ಎರಡೂ ಕಡೆ ಒಂದೇ ಥರ ಇರುವ ಮಾಮೂಲಿ ಡೈಯಾದರೆ ತಿರುಗಿಸಿ ಹಾಕಬಹುದು. ತಾತ್ಕಾಲಿಕವಾಗಿ ಮೇಲಿನ ಪಂಚ್ ಇಳಿಯುವ ಆಳವನ್ನು ಸ್ವಲ್ಪ ಬದಲಿಸಿ, ಸವೆಯದ ಜಾಗದಲ್ಲಿ ಮಾತ್ರೆ ಒತ್ತಬಹುದು. ಶಾಶ್ವತ ಪರಿಹಾರ ಹೊಸ ಡೈ. ಬಾಯಿ ಸ್ವಲ್ಪ ಅಗಲವಾಗಿರುವ ಟೇಪರ್ ಡೈ ಸಿಕ್ಕರೆ ಇನ್ನೂ ಒಳ್ಳೆಯದು, ಗಾಳಿಗೂ ದಾರಿ, ಮಾತ್ರೆಗೂ ನಿಧಾನವಾಗಿ ಹಿಗ್ಗಲು ಜಾಗ.

ಪಂಚ್‌ನ ತುದಿಯ ಅಂಚನ್ನು ಉಗುರಿನಿಂದ ಒಳಗಿನಿಂದ ಹೊರಕ್ಕೆ ಮೆಲ್ಲಗೆ ಸವರಿ. ಅಂಚು ಒಳಕ್ಕೆ ಮಡಚಿ ಕೊಕ್ಕೆಯಾಗಿದ್ದರೆ ಉಗುರು ಸಿಕ್ಕಿಕೊಳ್ಳುತ್ತದೆ. ಆ ಕೊಕ್ಕೆ ಮಾತ್ರೆಯ ತಲೆಯನ್ನು ಹಿಡಿದು ಎಳೆಯುತ್ತದೆ. ಲೆನ್ಸ್ ಇದ್ದರೆ ಅದರಲ್ಲಿ ನೋಡಿ.

ಇನ್ನೊಂದನ್ನು ತುಂಬಾ ಜನ ನೋಡುವುದೇ ಇಲ್ಲ. ಎಜೆಕ್ಷನ್ ಜಾಗದಲ್ಲಿ ಕೆಳಗಿನ ಪಂಚ್‌ನ ಅಂಚು ಡೈ ಟೇಬಲ್‌ನ ಮಟ್ಟಕ್ಕೆ ಬರಬೇಕು. ಕೂದಲೆಳೆಯಷ್ಟು ಕೆಳಗೆ ನಿಂತರೂ ಮಾತ್ರೆಯ ಬುಡ ಡೈಯೊಳಗೇ ಇರುತ್ತದೆ, ಸ್ಕ್ರೇಪರ್ ಬಂದು ತಲೆಗೆ ಹೊಡೆಯುತ್ತದೆ. ನೋಡಿದವರು ಕ್ಯಾಪಿಂಗ್ ಅನ್ನುತ್ತಾರೆ. ಅದು ಹೊಡೆತ. ಇಂಥ ಮಾತ್ರೆಗಳಲ್ಲಿ ಪೆಟ್ಟು ಯಾವಾಗಲೂ ಒಂದೇ ಪಕ್ಕದಲ್ಲಿ ಇರುತ್ತದೆ, ಗುರುತು ಅದೇ.

ವೇಗ ಇಳಿಸಿದರೆ ಸರಿಹೋದರೆ

ಪಂಚ್‌ನ ತಲೆಯ ಮೇಲಿನ ಚಪ್ಪಟೆ ಭಾಗ ಪ್ರೆಷರ್ ರೋಲರ್‌ನ ಕೆಳಗೆ ಇರುವಷ್ಟು ಹೊತ್ತು ಮಾತ್ರ ಗ್ರಾನ್ಯೂಲ್ ಪೂರ್ತಿ ಒತ್ತಡದಲ್ಲಿ ಇರುತ್ತದೆ. ಅದು ಡ್ವೆಲ್ ಟೈಮ್. ಲೆಕ್ಕ ಹಾಕಿ ನೋಡಿದರೆ ಎಷ್ಟು ಕಡಿಮೆ ಅಂತ ಗಾಬರಿಯಾಗುತ್ತದೆ. ಟರೆಟ್‌ನಲ್ಲಿ ಪಂಚ್‌ಗಳು ನಿಂತಿರುವ ವೃತ್ತದ ವ್ಯಾಸ 200 ಮಿಲಿಮೀಟರ್ ಅಂದುಕೊಳ್ಳಿ. ಒಂದು ಸುತ್ತಿಗೆ ಪಂಚ್ ಸಾಗುವ ದೂರ 628 ಮಿಲಿಮೀಟರ್. 30 ಆರ್‌ಪಿಎಂನಲ್ಲಿ ಸೆಕೆಂಡಿಗೆ ಅರ್ಧ ಸುತ್ತು, ಅಂದರೆ 314 ಮಿಲಿಮೀಟರ್. ಪಂಚ್ ತಲೆಯ ಚಪ್ಪಟೆ 10 ಮಿಲಿಮೀಟರ್ ಇದ್ದರೆ 10 ಭಾಗಿಸು 314, ಸುಮಾರು 32 ಮಿಲಿಸೆಕೆಂಡ್. 60 ಆರ್‌ಪಿಎಂಗೆ ಏರಿಸಿದರೆ 16. ಅಷ್ಟರಲ್ಲೇ ಹರಳು ಚೂರಾಗಬೇಕು, ಜಾಗ ಹಿಡಿಯಬೇಕು, ಅಂಟಿಕೊಳ್ಳಬೇಕು.

ಹಾಗಾಗಿ ಪರೀಕ್ಷೆ ಇಷ್ಟೇ. ಬೇರೇನೂ ಬದಲಿಸದೆ ಆರ್‌ಪಿಎಂ ಅರ್ಧಕ್ಕೆ ಇಳಿಸಿ. ಇಳಿಸಿದ ಮೇಲೆ ತೂಕ ನೋಡಿ, ಯಾಕೆಂದರೆ ವೇಗ ಬದಲಾದರೆ ಡೈ ತುಂಬುವುದೂ ಬದಲಾಗುತ್ತದೆ. ತೂಕ ಹೆಚ್ಚಾಗಿದ್ದರೆ ಪಂಚ್‌ಗಳ ನಡುವಿನ ಅದೇ ಸಂದಿನಲ್ಲಿ ಒತ್ತಡವೂ ಹೆಚ್ಚಾಗಿರುತ್ತದೆ. ತೂಕವನ್ನು ಮೊದಲಿನಷ್ಟಕ್ಕೇ ತಂದು, ಆಮೇಲೆ ಮಾತ್ರೆ ತಿರುಚಿ ನೋಡಿ. ಪೂರ್ತಿ ಸರಿಹೋದರೆ ಮೆಷಿನ್‌ನಲ್ಲಿ ಪ್ರಿ-ಕಂಪ್ರೆಷನ್ ರೋಲರ್ ಇದೆಯಾ, ಅದು ನಿಜವಾಗಿಯೂ ಪಂಚ್‌ಗೆ ತಾಗುತ್ತಿದೆಯಾ ಅಂತ ನೋಡಿ. ಮುಖ್ಯ ಒತ್ತಡಕ್ಕೆ ಮೊದಲು ಹಗುರವಾಗಿ ಒಮ್ಮೆ ಒತ್ತಿ ಗಾಳಿ ಹೊರಗೆ ಹಾಕುವುದು ಅದರ ಕೆಲಸ. ಇದ್ದೂ ತಾಗದ ರೋಲರ್ ಸುಮ್ನೆ ತಿರುಗುತ್ತಿರುತ್ತದೆ. ಕಾಲೇಜಿನ ಹಳೆಯ ಮೆಷಿನ್‌ಗಳಲ್ಲಿ ಅದು ಇರುವುದೇ ಇಲ್ಲ. ಅಂಥ ಕಡೆ ನಿಧಾನವಾಗಿ ಓಡಿಸುವುದೇ ಮದ್ದು.

ವೇಗ ಇಳಿಸಿದಾಗ ಕಡಿಮೆಯಾಯಿತು, ಆದರೆ ಪೂರ್ತಿ ಹೋಗಲಿಲ್ಲ ಅನ್ನುವುದೇ ಜಾಸ್ತಿ ಸಿಗುವ ಉತ್ತರ. ಮುಂದೆ ಓದಿ.

ಎಲ್ಲ ಸ್ಟೇಷನ್, ಎಲ್ಲ ವೇಗ: ಇನ್ನು ಗ್ರಾನ್ಯೂಲ್ ಕಡೆ

ಇಲ್ಲಿ ಮೊದಲು ತೇವ, ಆಮೇಲೆ ಸಣ್ಣ ಪುಡಿ, ಆಮೇಲೆ ಬೈಂಡರ್ (ಕಣಗಳನ್ನು ಹಿಡಿದಿಡುವ ಅಂಟು), ಕೊನೆಗೆ ಲೂಬ್ರಿಕೇಷನ್ (ಡೈ ಗೋಡೆಗೆ ಹಿಡಿಯದಂತೆ ಜಾರು ಪುಡಿ ಬೆರೆಸುವುದು). ಈ ಸಾಲು ನನ್ನದು. ತೇವ ಅಳೆಯಲು ಕೆಲವೇ ನಿಮಿಷ ಸಾಕು, ತಪ್ಪಿತಸ್ಥ ಅಲ್ಲೇ ಸಿಗುವುದೂ ಹೆಚ್ಚು. ಅದಕ್ಕೇ ಅದು ಮೊದಲು.

ಹಾಪರ್‌ನ ಮೇಲಿಂದ, ಚೀಲದ ನಡುವಿನಿಂದ, ಡ್ರಮ್ಮಿನ ತಳದಿಂದ ಬೇರೆ ಬೇರೆಯಾಗಿ ಸ್ಯಾಂಪಲ್ ತೆಗೆದು ಮಾಯಿಶ್ಚರ್ ಬ್ಯಾಲೆನ್ಸ್‌ನಲ್ಲಿ ಎಲ್‌ಒಡಿ, ಅಂದರೆ ಒಣಗಿಸಿದಾಗ ಕಳೆದುಹೋಗುವ ತೂಕದ ಶೇಕಡಾ, ನೋಡಿ. ಮೂರನ್ನೂ ಬೆರೆಸಿ ಒಂದೇ ಓದು ತೆಗೆದರೆ ಎಲ್ಲ ಮುಚ್ಚಿಹೋಗುತ್ತದೆ. ಪಿಷ್ಟದ ಗಂಜಿ ಹಾಕಿ ಮಾಡಿದ ಪ್ಯಾರಾಸಿಟಮಾಲ್ ಗ್ರಾನ್ಯೂಲ್‌ಗೆ ಸಾಮಾನ್ಯವಾಗಿ 1ರಿಂದ 3 ಶೇಕಡಾ ನಡುವೆ ಗುರಿ ಇಟ್ಟುಕೊಳ್ಳುತ್ತಾರೆ. ನಿಮ್ಮ ಫಾರ್ಮುಲಾಗೆ ಯಾವುದು ಸರಿ ಅನ್ನುವುದನ್ನು ಹಿಂದಿನ ಒಳ್ಳೆಯ ಬ್ಯಾಚ್‌ನ ದಾಖಲೆ ಹೇಳಬೇಕು. ಆ ಸ್ವಲ್ಪ ನೀರು ಕೊಳಕಲ್ಲ, ಅದಕ್ಕೂ ಕೆಲಸ ಇದೆ. ಬೈಂಡರನ್ನು ಮೆತ್ತಗಿಡುತ್ತದೆ, ಒತ್ತಿದಾಗ ಕಣಗಳು ಒಂದಕ್ಕೊಂದು ಹಿಡಿದುಕೊಳ್ಳಲು ನೆರವಾಗುತ್ತದೆ. ಒಣಗಿ ಗರಿಗರಿಯಾದ ಬೈಂಡರ್ ಒತ್ತಿದರೆ ಮುರಿಯುತ್ತದೆ.

ಮೈಸೂರಿನ ಫೆಬ್ರವರಿ, ಮಾರ್ಚ್‌ನ ಮಧ್ಯಾಹ್ನದ ಗಾಳಿ ನಿಮಗೆ ಗೊತ್ತಲ್ಲ, ಬೆಳಗ್ಗೆ ಒಗೆದ ಬಟ್ಟೆ ಊಟದ ಹೊತ್ತಿಗೆ ಗರಿಗರಿ. ಅದೇ ಗಾಳಿ ಡ್ರೈಯರ್‌ನ ಒಳಗೆ ಹೋಗುತ್ತದೆ. ಜುಲೈನಲ್ಲಿ ಸರಿಯಾಗಿ ನಡೆದ ಪ್ರಾಜೆಕ್ಟಿನ ವಿಧಾನವನ್ನು ಮಾರ್ಚ್‌ನಲ್ಲಿ ಅಷ್ಟೇ ಡಿಗ್ರಿ, ಅಷ್ಟೇ ಹೊತ್ತು ಅಂತ ನಕಲು ಮಾಡಿದರೆ ಗ್ರಾನ್ಯೂಲ್ ಜಾಸ್ತಿ ಒಣಗುತ್ತದೆ. ಒಣಗುವ ವೇಗವನ್ನು ಬಿಸಿ ಒಂದೇ ನಿರ್ಧರಿಸುವುದಿಲ್ಲ, ಒಳಗೆ ಬರುವ ಗಾಳಿಯಲ್ಲಿ ಮೊದಲೇ ಎಷ್ಟು ನೀರಿದೆ ಅನ್ನುವುದೂ ನಿರ್ಧರಿಸುತ್ತದೆ. ಡ್ರೈಯಿಂಗ್ ಪಾಠದ ಆ ರೇಖಾಚಿತ್ರ ನೆನಪಿಸಿಕೊಳ್ಳಿ. ಮೊದಲ ಭಾಗದಲ್ಲಿ ಗ್ರಾನ್ಯೂಲ್‌ನ ಮೇಲ್ಮೈ ಒದ್ದೆಯಾಗಿರುವವರೆಗೆ ಅದರ ಬಿಸಿ ವೆಟ್ ಬಲ್ಬ್ ಉಷ್ಣಾಂಶದ (ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ಬಿಸಿ) ಹತ್ತಿರವೇ ನಿಲ್ಲುತ್ತದೆ. ಮೇಲ್ಮೈಯ ನೀರು ಮುಗಿದ ಮೇಲೆ ಬಿಸಿ ಏರಲು ಶುರು. ಫ್ಲೂಯಿಡ್ ಬೆಡ್ ಡ್ರೈಯರ್‌ನಲ್ಲಿ ಆ ಏರಿಕೆಯೇ ನಿಮಗೆ ಗಂಟೆ ಬಾರಿಸುತ್ತದೆ. ಗಡಿಯಾರ ನೋಡಿ ನಿಲ್ಲಿಸುವವರಿಗಿಂತ ಪ್ರಾಡಕ್ಟ್ ಬಿಸಿ ನೋಡಿ, ಸ್ಯಾಂಪಲ್ ತೆಗೆದು, ಎಲ್‌ಒಡಿ ಪಕ್ಕಾ ಮಾಡಿಕೊಂಡು ನಿಲ್ಲಿಸುವವರ ಬ್ಯಾಚ್ ಚೆನ್ನಾಗಿರುತ್ತದೆ.

ಒಂದು ಪ್ರಾಜೆಕ್ಟ್ ತಂಡದ ಕಥೆ ಹೀಗೇ ಆಗಿತ್ತು. ಎಲ್ಲ ಸ್ಟೇಷನ್‌ನಲ್ಲೂ ಕ್ಯಾಪಿಂಗ್, ನಿಧಾನ ಮಾಡಿದರೆ ಸ್ವಲ್ಪ ಕಡಿಮೆ. ಹುಡುಗನೊಬ್ಬ ಪ್ರೆಷರ್ ಚಕ್ರದ ಮೇಲೆ ಆಗಲೇ ಕೈ ಇಟ್ಟಿದ್ದ.

"ಅಣ್ಣಾ, ಮಾತ್ರೆ ಲೂಸ್ ಇದೆ ಅಲ್ವಾ, ಇನ್ನೂ ಸ್ವಲ್ಪ ಟೈಟ್ ಮಾಡೋಣ್ವಾ?"

ಮೆಷಿನ್ ನೋಡಿಕೊಳ್ಳುತ್ತಿದ್ದ ಹಿರಿಯ ಆಪರೇಟರ್ ತಲೆ ಎತ್ತಲೂ ಇಲ್ಲ. "ಬ್ಯಾಡ ಕಣಪ್ಪ. ಮೊದ್ಲು ಗ್ರಾನ್ಯೂಲ್ ಮುಟ್ಟಿ ನೋಡು. ಒಳ್ಳೆ ಮರಳಿದ್ದಂಗೆ ಐತೆ."

ಎಲ್‌ಒಡಿ ತೆಗೆದರೆ 0.8. ವಿಚಾರಿಸಿದಾಗ ಗೊತ್ತಾಯಿತು, ಊಟಕ್ಕೆ ಹೋದಾಗ ಟ್ರೇ ಡ್ರೈಯರ್ ಹಾಗೇ ಓಡುತ್ತಿತ್ತು.

ಎಷ್ಟು ನೀರು ಕಡಿಮೆ ಬಿದ್ದಿದೆ ಅಂತ ಲೆಕ್ಕ ಹಾಕುವುದು ಮೆಟೀರಿಯಲ್ ಬ್ಯಾಲೆನ್ಸ್‌ನ ಚಿಕ್ಕ ಲೆಕ್ಕ. 50 ಕಿಲೋ ಗ್ರಾನ್ಯೂಲ್, ಎಲ್‌ಒಡಿ 0.8 ಶೇಕಡಾ ಅಂದರೆ ಒಣ ಪದಾರ್ಥ 49.6 ಕಿಲೋ. ಅದು ಬದಲಾಗುವುದಿಲ್ಲ. ಎಲ್‌ಒಡಿ 2 ಶೇಕಡಾ ಬೇಕಾದರೆ ಈ 49.6 ಒಟ್ಟು ತೂಕದ 98 ಶೇಕಡಾ ಆಗಬೇಕು. 49.6 ಭಾಗಿಸು 0.98, ಸುಮಾರು 50.6 ಕಿಲೋ. ಅಂದರೆ 600 ಗ್ರಾಂಗೆ ಸ್ವಲ್ಪ ಜಾಸ್ತಿ ನೀರು ಹೋಗಬಾರದಿತ್ತು, ಹೋಗಿದೆ. 2ರಿಂದ 0.8 ಕಳೆದು, 50ರ 1.2 ಶೇಕಡಾ ಅಂದರೆ 600 ಗ್ರಾಂ ಅಂತ ನೇರವಾಗಿ ಬರೆಯುವವರಿದ್ದಾರೆ. ಇಲ್ಲಿ ಅಂತರ ಚಿಕ್ಕದು. ಒದ್ದೆ ಗ್ರಾನ್ಯೂಲ್‌ನ ಲೆಕ್ಕದಲ್ಲಿ ಅದೇ ಅಭ್ಯಾಸ ದೊಡ್ಡ ತಪ್ಪಾಗುತ್ತದೆ, ಎಲ್‌ಒಡಿ ಒದ್ದೆ ತೂಕದ ಮೇಲಿನ ಶೇಕಡಾ ಅನ್ನುವುದನ್ನು ಬಿಡಬೇಡಿ.

ಹಾಗಂತ 600 ಗ್ರಾಂ ನೀರನ್ನು ತಂದು ಚಿಮುಕಿಸಬೇಡಿ. ಅಲ್ಲಲ್ಲಿ ಉಂಡೆ ಕಟ್ಟುತ್ತದೆ, ಉಳಿದದ್ದು ಒಣಗಿಯೇ ಇರುತ್ತದೆ. ಲ್ಯಾಬ್‌ನ ಸಣ್ಣ ಬ್ಯಾಚಾದರೆ ತೆಳ್ಳಗೆ ಟ್ರೇಯಲ್ಲಿ ಹರಡಿ, ತೇವ ಇರುವ ಕೋಣೆಯಲ್ಲಿ ಬಿಟ್ಟು, ಆಗಾಗ ತಿರುವಿ, ಎಲ್‌ಒಡಿ ನೋಡಬಹುದು. ಪಿಷ್ಟ ತೇವ ಹೀರಿಕೊಳ್ಳುತ್ತದೆ. ಮಾರಾಟಕ್ಕೆ ಹೋಗುವ ಬ್ಯಾಚಿನಲ್ಲಿ ಇಂಥದ್ದು ಮಾಡುವ ಅಧಿಕಾರ ಆಪರೇಟರ್‌ಗೂ ಇಲ್ಲ, ಸೂಪರ್‌ವೈಸರ್‌ಗೂ ಇಲ್ಲ. ಅಲ್ಲಿ ಡೀವಿಯೇಷನ್ (ವಿಧಾನ ತಪ್ಪಿದ್ದರ ವರದಿ) ಬರೆದು, ಕ್ವಾಲಿಟಿ ವಿಭಾಗಕ್ಕೆ ತಿಳಿಸಿ, ಅವರು ಹೇಳಿದ ಮೇಲೇ ಮುಂದಿನ ಹೆಜ್ಜೆ.

ಎಲ್‌ಒಡಿ ಸರಿಯಾಗಿದ್ದೂ ಕ್ಯಾಪಿಂಗ್ ಇದ್ದರೆ ಇನ್ನೊಂದು ಮೋಸ ಇರಬಹುದು. ತುಂಬಾ ಬಿಸಿಯಲ್ಲಿ ಅವಸರವಾಗಿ ಒಣಗಿಸಿದಾಗ ಗ್ರಾನ್ಯೂಲ್‌ನ ಹೊರಗಡೆ ಗಟ್ಟಿ ಪೊರೆ ಕಟ್ಟಿ ಒಳಗೆ ನೀರು ಉಳಿಯುತ್ತದೆ. ಸರಾಸರಿ ಎಲ್‌ಒಡಿ ಚೆನ್ನಾಗಿ ಕಾಣುತ್ತದೆ. ಒಂದು ದಪ್ಪ ಗ್ರಾನ್ಯೂಲನ್ನು ಉಗುರಿನಲ್ಲಿ ಒಡೆದು ನೋಡಿ. ಹೊರಗೆ ಗಟ್ಟಿ, ಒಳಗೆ ಮೆತ್ತಗೆ ಇದ್ದರೆ ಮುಂದಿನ ಬ್ಯಾಚಿಗೆ ಬಿಸಿ ಇಳಿಸಿ.

ಈಗ ಸಣ್ಣ ಪುಡಿ, ಫ್ಯಾಕ್ಟರಿಯ ಮಾತಿನಲ್ಲಿ ಫೈನ್ಸ್. 100 ಗ್ರಾಂ ಗ್ರಾನ್ಯೂಲ್ ತೂಗಿ 20, 40, 60, 100 ಮೆಶ್ ಜರಡಿಗಳ ಸಾಲಿಗೆ ಹಾಕಿ ಅಲ್ಲಾಡಿಸಿ. 100 ಮೆಶ್ ಅಂದರೆ ಸುಮಾರು 150 ಮೈಕ್ರಾನ್. ಅದರ ಕೆಳಗೆ ಇಳಿದದ್ದು ಎಷ್ಟು? ಕಾಲು ಭಾಗ ದಾಟಿದರೆ ನಾನು ಅನುಮಾನ ಪಡುತ್ತೇನೆ. ಇದು ನನ್ನ ಅಂದಾಜು, ಕಾನೂನಲ್ಲ. ಫೈನ್ಸ್ ಒಂದಿಷ್ಟು ಬೇಕೇ ಬೇಕು, ದೊಡ್ಡ ಕಣಗಳ ನಡುವಿನ ಸಂದು ತುಂಬಲು. ಜಾಸ್ತಿಯಾದರೆ ಗಾಳಿ ಹೊರಗೆ ಹೋಗುವ ದಾರಿ ಕಟ್ಟುತ್ತದೆ.

ಎರಡನೇ ಪ್ರಶ್ನೆಗೆ, ಅಂದರೆ ತೊಂದರೆ ಯಾವಾಗ ಶುರುವಾಯಿತು ಅನ್ನುವುದಕ್ಕೆ, ಇಲ್ಲಿ ಬೆಲೆ ಬರುತ್ತದೆ. ಶುರುವಿನಲ್ಲಿ ಚೆನ್ನಾಗಿದ್ದು ಹಾಪರ್ ಖಾಲಿಯಾಗುವ ಹೊತ್ತಿಗೆ ತಲೆ ಹಾರತೊಡಗಿದರೆ, ಮೆಷಿನ್ ನಡುಕಕ್ಕೆ ದಪ್ಪ ಮತ್ತು ಸಣ್ಣ ಕಣ ಬೇರೆಯಾಗಿವೆ ಅಂತ ಅರ್ಥ. ಹಾಪರ್ ಮೇಲಿನ ಮತ್ತು ತಳದ ಸ್ಯಾಂಪಲ್‌ಗಳ ಜರಡಿ ಲೆಕ್ಕ ಬೇರೆ ಬೇರೆ ಬಂದರೆ ಅನುಮಾನವೇ ಬೇಡ. ಶುರುವಿನಿಂದಲೇ ಇದ್ದರೆ ಮಿಲ್ ಕಡೆ ಹೋಗಿ. ಬ್ಲೇಡ್ ವೇಗ ಜಾಸ್ತಿಯಿತ್ತಾ, ಜಾಲರಿ ಸಣ್ಣದಿತ್ತಾ? ಜಾಸ್ತಿ ಒಣಗಿದ ಗ್ರಾನ್ಯೂಲ್ ಮಿಲ್ಲಿನಲ್ಲಿ ಜಾಸ್ತಿ ಪುಡಿಯಾಗುತ್ತದೆ. ಅಂದರೆ ಫೈನ್ಸ್‌ಗೂ ಮೂಲ ಡ್ರೈಯರೇ ಇರಬಹುದು. ಬರೀ ಜರಡಿ ಹಿಡಿದು ಪುಡಿ ಎಸೆದರೆ ಔಷಧದ ಪ್ರಮಾಣವೇ ಏರುಪೇರಾಗುತ್ತದೆ, ಪುಡಿಯಲ್ಲಿ ಮತ್ತು ಗ್ರಾನ್ಯೂಲ್‌ನಲ್ಲಿ ಔಷಧ ಸಮನಾಗಿ ಇರಬೇಕೆಂದೇನಿಲ್ಲ.

ಬೈಂಡರ್ ವಿಷಯ ಬೇಗ ಮುಗಿಯುತ್ತದೆ. ಪಿಷ್ಟದ ಗಂಜಿ ಪೂರ್ತಿ ಬೆಂದಿದ್ದರೆ ಅರೆಪಾರದರ್ಶಕವಾಗಿ ಕಾಣುತ್ತದೆ. ಬೆಳ್ಳಗೆ ಹಾಲಿನ ಬಣ್ಣದಲ್ಲೇ ಇದ್ದರೆ ಬೆಂದಿಲ್ಲ, ಅಂಟಿಲ್ಲ. ಒದ್ದೆ ಮುದ್ದೆಯನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಹೆಬ್ಬೆರಳಿನಿಂದ ಒತ್ತಿದರೆ ಎರಡು ಹೋಳಾಗಬೇಕು. ಹಿಡಿದಾಗಲೇ ಉದುರಿದ್ದರೆ ಬೈಂಡರ್ ಸಾಲದು. ಗಂಜಿಯಿಂದ ಸಾಧ್ಯವಾಗದಿದ್ದರೆ ಪಿವಿಪಿ ಕೆ-30 ಅನ್ನುವ ಬೇರೆ ಬೈಂಡರ್ ಹಾಕಿ ಒಂದು ಸಣ್ಣ ಬ್ಯಾಚ್ ಮಾಡಿ ನೋಡಿ.

ಲೂಬ್ರಿಕೇಷನ್‌ನ ತಪ್ಪು ಹಿಡಿಯುವುದು ಸ್ವಲ್ಪ ಕಷ್ಟ, ಯಾಕೆಂದರೆ ತೂಕದಲ್ಲಿ ತಪ್ಪೇ ಇರುವುದಿಲ್ಲ. ಮೆಗ್ನೀಸಿಯಂ ಸ್ಟಿಯರೇಟ್ ಸರಿಯಾಗಿ 1 ಶೇಕಡಾ ಹಾಕಿರುತ್ತಾರೆ, ಬೆರೆಸುವ ಹೊತ್ತು ಜಾಸ್ತಿಯಾಗಿರುತ್ತದೆ. ಅದು ಗ್ರಾನ್ಯೂಲ್ ಮೇಲೆ ತೆಳ್ಳಗೆ ಬಳಿದುಕೊಳ್ಳುವ ವಸ್ತು. ಬೆರೆಸಿದಷ್ಟೂ ಬಳಿದುಕೊಳ್ಳುತ್ತದೆ, ಕಣಕ್ಕೆ ಕಣ ಅಂಟಲು ಬಿಡುವುದಿಲ್ಲ. ಅದಕ್ಕೇ ಅದನ್ನು 60 ಮೆಶ್ ಜರಡಿಯಲ್ಲಿ ಹಿಡಿದು, ಎಲ್ಲಕ್ಕಿಂತ ಕೊನೆಗೆ ಹಾಕಿ, ಕೆಲವೇ ನಿಮಿಷ ಬೆರೆಸುವುದು. ಸುಳಿವು ಏನು ಗೊತ್ತಾ? ಕ್ಯಾಪಿಂಗ್ ಜೊತೆಗೆ ಡಿಸ್‌ಇಂಟಿಗ್ರೇಷನ್, ಅಂದರೆ ನೀರಿನಲ್ಲಿ ಮಾತ್ರೆ ಒಡೆದು ಚೂರಾಗುವುದು ಕೂಡ ನಿಧಾನವಾಗಿರುತ್ತದೆ. ಮೆತ್ತಗಿನ ಮಾತ್ರೆ ನೀರಿನಲ್ಲಿ ಬೇಗ ಒಡೆಯಬೇಕು ತಾನೇ? ಮೆತ್ತಗೂ ಇದ್ದು ನಿಧಾನವೂ ಆದರೆ ಸ್ಟಿಯರೇಟ್ ಮೇಲೆ ಅನುಮಾನ ಪಡಿ. ಲೂಬ್ರಿಕೇಷನ್‌ಗೆ ಮೊದಲಿನ ಗ್ರಾನ್ಯೂಲ್ ಉಳಿದಿದ್ದರೆ ಸ್ವಲ್ಪ ತೆಗೆದು, ಹೊಸದಾಗಿ ಕಡಿಮೆ ಹೊತ್ತು ಬೆರೆಸಿ, ಒತ್ತಿ ನೋಡಿದರೆ ತೀರ್ಮಾನವಾಗುತ್ತದೆ.

ಪ್ರೆಷರ್ ಏರಿಸಿದರೆ?

ಆ ಹುಡುಗನ ಪ್ರಶ್ನೆಯೇನೂ ದಡ್ಡತನದ್ದಲ್ಲ. ಒತ್ತಡ ಏರಿಸಿದರೆ ಹಾರ್ಡ್‌ನೆಸ್ ಏರುವುದು ನಿಜ, ಒಂದು ಮಟ್ಟದವರೆಗೆ. ಅದರಾಚೆ ಹಿಗ್ಗುವ ಬಲವೂ ಏರಿ, ಒಳಗೆ ಬಿರುಕು ಬಿಟ್ಟು, ಹಾರ್ಡ್‌ನೆಸ್ ವಾಪಸ್ ಇಳಿಯುತ್ತದೆ. ನೀವು ಆ ಗುಡ್ಡದ ಯಾವ ಪಕ್ಕದಲ್ಲಿದ್ದೀರಿ ಅಂತ ತಿಳಿಯದೆ ಚಕ್ರ ತಿರುಗಿಸಬಾರದು. ನಾಲ್ಕೈದು ಒತ್ತಡಗಳಲ್ಲಿ ತಲಾ 10 ಮಾತ್ರೆ ಹಾರ್ಡ್‌ನೆಸ್‌ಗೆ ತೆಗೆದು, ಫ್ರಯಬಿಲಿಟಿಗೆ (ಉರುಳಿಸಿದಾಗ ಮಾತ್ರೆ ಎಷ್ಟು ಉದುರುತ್ತದೆ ಅನ್ನುವ ಪರೀಕ್ಷೆ) ಬೇರೆಯಾಗಿ ತೆಗೆದು, ಗ್ರಾಫ್ ಹಾಕಿ. ತೂಕ ಎಲ್ಲದರಲ್ಲೂ ಒಂದೇ ಇರಲಿ. ಗ್ರಾಫ್ ತುದಿ ದಾಟಿ ಇಳಿಯುತ್ತಿದ್ದರೆ ಮದ್ದು ಒತ್ತಡ ಇಳಿಸುವುದು. ಇನ್ನೂ ಏರುತ್ತಿದ್ದರೆ ಮಾತ್ರ ಸ್ವಲ್ಪ ಏರಿಸಿ. ಯಾವ ಒತ್ತಡದಲ್ಲೂ ಮಾತ್ರೆ ಗಟ್ಟಿಯಾಗದಿದ್ದರೆ ತಪ್ಪು ಗ್ರಾನ್ಯೂಲ್‌ನಲ್ಲೇ ಇದೆ, ಮೇಲಿನ ಭಾಗಕ್ಕೆ ವಾಪಸ್ ಹೋಗಿ.

ಸರಿಹೋಯ್ತು ಅಂತ ಬರೆಯುವ ಮೊದಲು

ಕ್ಯಾಪಿಂಗ್ ಅಡಗಿ ಕೂರುವುದುಂಟು. ಪ್ರೆಸ್‌ನಲ್ಲಿ ಗಟ್ಟಿಯಾಗಿ ಕಂಡ ಮಾತ್ರೆ ಕೋಟಿಂಗ್ ಪ್ಯಾನ್‌ನಲ್ಲಿ ಉರುಳುವಾಗ ತಲೆ ಬಿಡುತ್ತದೆ. ಅದಕ್ಕೇ ಫ್ರಯಬಿಲಿಟಿ ಬಿಡಬೇಡಿ. 650 ಮಿಲಿಗ್ರಾಂ ಮತ್ತು ಅದಕ್ಕಿಂತ ಕಡಿಮೆ ತೂಕದ ಮಾತ್ರೆಯಾದರೆ ಒಟ್ಟು 6.5 ಗ್ರಾಂ ಹತ್ತಿರ ಬರುವಷ್ಟು ತೆಗೆದುಕೊಳ್ಳಬೇಕು. ಮಾತ್ರೆಯ ಒಟ್ಟು ತೂಕ 580 ಮಿಲಿಗ್ರಾಂ ಇದ್ದರೆ 11 ಮಾತ್ರೆ. ಪುಡಿ ಒರೆಸಿ, ತೂಗಿ, 25 ಆರ್‌ಪಿಎಂನಲ್ಲಿ 4 ನಿಮಿಷ, ಒಟ್ಟು 100 ಸುತ್ತು. ತೂಕ ನಷ್ಟ 1 ಶೇಕಡಾ ಮೀರಬಾರದು. ನಷ್ಟ 0.4 ಬಂದಿದೆ, ಆದರೆ ಒಂದು ಮಾತ್ರೆಯ ತಲೆ ಕಳಚಿದೆ ಅಂದರೆ ಪಾಸ್ ಅಲ್ಲ. ಬಿರುಕು ಬಿಟ್ಟ, ಸೀಳಿದ ಅಥವಾ ಒಡೆದ ಮಾತ್ರೆ ಒಂದಿದ್ದರೂ ಫೇಲ್. ಕಳಚಿದ ಚೂರನ್ನೂ ತೂಕಕ್ಕೆ ಸೇರಿಸಿ ಪಾಸ್ ಬರೆದ ರೆಕಾರ್ಡ್ ಪುಸ್ತಕಗಳನ್ನು ನೋಡಿದ್ದೇನೆ.

ಸ್ಯಾಂಪಲನ್ನು ಮಾಮೂಲಿ ವೇಗದಲ್ಲಿ ಓಡಿಸಿಯೇ ತೆಗೆಯಿರಿ. ಹಾಪರ್ ತುಂಬಿದ್ದಾಗ ಒಮ್ಮೆ, ಅರ್ಧಕ್ಕೆ ಇಳಿದಾಗ ಒಮ್ಮೆ, ತಳ ಕಾಣುವಾಗ ಒಮ್ಮೆ. ಮೂರನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ, ಬದಲಾಯಿಸಿದ ಒಂದೊಂದು ಸೆಟ್ಟಿಂಗ್‌ನ ಪಕ್ಕ ಹೊತ್ತನ್ನೂ ಬರೆಯಿರಿ. ಒಂದು ಹಿಡಿ ಮಾತ್ರೆಯನ್ನು ಮುಚ್ಚಿದ ಡಬ್ಬಿಯಲ್ಲಿ ರಾತ್ರಿಯಿಡೀ ಇಟ್ಟು ಮರುದಿನ ಬೆಳಗ್ಗೆ ಫ್ರಯಬಿಲಿಟಿ ಮತ್ತೆ ಮಾಡಿ. ಒತ್ತಿದ ಮೇಲೂ ಮಾತ್ರೆ ಕೆಲವು ಗಂಟೆ ಹಿಗ್ಗುತ್ತಿರುತ್ತದೆ. ಹಿಂದಿನ ದಿನ ಪಾಸಾಗಿ ಮರುದಿನ ಫೇಲಾದರೆ ಒಳಗಿನ ಎಳೆತ ಹೋಗಿಲ್ಲ ಅಂತ ಅರ್ಥ. ಡೈ ಮತ್ತು ವೇಗ ಸರಿಯಿದೆ ಅಂತ ಆಗಲೇ ಪಕ್ಕಾ ಆಗಿರುವುದರಿಂದ ಮುಂದಿನ ಸ್ಯಾಂಪಲ್ ಡ್ರೈಯರ್‌ನಿಂದಲೇ ತೆಗೆಯಿರಿ.